ಒನ್ನಯ್ಯನ ಪಾಸ್‌ವರ್ಡು

ಎರಡೂ ಪುಕ್ಕಟೆ. ಪುಕ್ಕಟೆ ಸಿಗುವುದಕ್ಕೂ ಇಬ್ಬರು ಗಂಡಸರು ಇಷ್ಟು ಕಿತ್ತಾಡಬಹುದೆಂದು ನಾನು ಕಂಡದ್ದು ಆವತ್ತೇ.

ಮಳವಳ್ಳಿಯಲ್ಲಿ ಮೂವತ್ತು ವರ್ಷದಿಂದ ಅರ್ಜಿ, ಪತ್ರ ಟೈಪ್ ಮಾಡಿಕೊಡುತ್ತಿರುವ ತಿರುಮಲಮ್ಮ ನಾನು. ಜನ ಹೇಳಿದ್ದನ್ನು ಹೇಳಿದ ಹಾಗೇ ಹೊಡೆಯುತ್ತೇನೆಂಬ ಹೆಸರಿದೆ. ನನ್ನ ಕಂಪ್ಯೂಟರಿಗೆ ವಯಸ್ಸಾಗಿ, ಹೊಸ ವಿಂಡೋಸ್ ತಡೆಯುವ ತ್ರಾಣ ಅದಕ್ಕಿರಲಿಲ್ಲ. ಮಂಡ್ಯದ ಗುತ್ತಲಿನಿಂದ ಬಂದಿದ್ದ ತಂಗಿಯ ಮಗ ಸುದರ್ಶನ್, ಕಾಲೇಜು ಮೇಷ್ಟ್ರು, "ವಿಂಡೋಸ್ ಬದಲು ಡೆಬಿಯನ್ ಹಾಕೋಣ ದೊಡ್ಡಮ್ಮ, ಪುಕ್ಕಟೆ ಸಿಗುತ್ತೆ, ಬಂಡೆ ಥರ ಗಟ್ಟಿ" ಅಂದ. ಚಿಕ್ಕರಸಿನಕೆರೆಯ ರಿಪೇರಿ ಶಶಿಧರ್ ಅಲ್ಲೇ ಕೂತಿದ್ದ.

"ಫ್ರೀಬಿಎಸ್‌ಡಿ ಮುಂದೆ ಅದ್ಯಾವ್ ಬಂಡೆ, ಬುಡಿ ಸಾ!"

ಅದೂ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವಂಥದ್ದೇ. ಶುರುವಾಯಿತಲ್ಲ! ಯಾವುದು ಯುನಿಕ್ಸ್ ಎಂಬ ಹಳೇ ವ್ಯವಸ್ಥೆಯ ಅಸಲಿ ವಂಶ, ಯಾವುದರ ಲೈಸೆನ್ಸಿನಲ್ಲಿ ಸ್ವಾತಂತ್ರ್ಯ ಜಾಸ್ತಿ ಎಂದು, ಹೆಣ್ಣು ನೋಡಲು ಬಂದವರು ಕುಲಗೋತ್ರ ಕೆದಕುವಂತೆ ಕೆದಕಿದರು. ನನ್ನ ಕಾಫಿ ಆರಿಹೋಯಿತು.

"ಎರಡನ್ನೂ ಹಾಕ್ರಪ್ಪ. ಕೆಲಸಕ್ಕೆ ಬಂದದ್ದು ಉಳೀಲಿ, ಇನ್ನೊಂದು ತೊಲಗಲಿ" ಎಂದು ಗದರಿದೆ. ಒಂದೇ ಡಬ್ಬಕ್ಕೆ ಎರಡೂ ಹೊಕ್ಕವು. ಡೆಬಿಯನ್ನಿಗೆ ಸುದರ್ಶನ್ ನನ್ನ ಹೆಸರನ್ನೇ ಪಾಸ್‌ವರ್ಡ್ ಇಟ್ಟ. ಶಶಿಧರ್ ತನ್ನದಕ್ಕೆ ಏನಿಡಲಿ ಅಂದಾಗ, ಕೈತುಂಬ ಕೆಲಸವಿದ್ದ ನಾನು ಸರದಿಗೆ ಕಾಯುತ್ತ ಬೆಂಚಿನ ಮೇಲಿದ್ದ ಅಜ್ಜ ಹೊನ್ನಯ್ಯನತ್ತ ಬೆರಳು ಮಾಡಿದೆ. "ಅವರ ಹೆಸರೇ ಇಡು, ಇಂಗ್ಲಿಷಲ್ಲಿ."

"ಯೇನಜ್ಜ ನಿನ್ನೆಸ್ರು?"

ಹೊನ್ನಯ್ಯ ಹೇಳಿದ. ಶಶಿಧರ್ ಒತ್ತಿದ.

ಈ ಹೊನ್ನಯ್ಯ ಬಂದಿದ್ದು ಗದ್ದೆಯ ಪತ್ರದಲ್ಲಿ ತನ್ನ ಹೆಸರು ತಪ್ಪಾಗಿದೆ ಅಂತ. ಪತ್ರದಲ್ಲಿ 'ಒನ್ನಯ್ಯ' ಎಂದಿತ್ತು. ಯಾವ ಕತ್ತೆ ಹೊಡೆದದ್ದು ಎಂದು ಕೆಳಗೆ ನೋಡಿದರೆ, ಪತ್ರ ಬರೆದವರ ಜಾಗದಲ್ಲಿ 'ತಿರುಮಲಮ್ಮ' ಎಂದಿತ್ತು. ನಾಚಿಕೆಯಿಂದ ಬೆವತುಹೋದೆ. ಕಂಪ್ಯೂಟರ್ ಇನ್ನೂ ಅವರಿಬ್ಬರ ಕೈಯಲ್ಲಿತ್ತು; ತಿದ್ದುಪಡಿ ಅರ್ಜಿಗೆ ಬುಧವಾರ ಐದು ಗಂಟೆಯೇ ಕಡೆ, ಬನ್ನಿ ಎಂದು ಹೇಳಿ ಕಳಿಸಿದೆ. ನನ್ನ ತಪ್ಪು ಮಾತ್ರ ಹೇಳಲಿಲ್ಲ.

ಬುಧವಾರ ನಾಲ್ಕಕ್ಕೆ ಬಂದ. ಡೆಬಿಯನ್ ತೆರೆದು ಹೊಡೆದರೆ ಪರದೆ ತುಂಬ ಏನೇನೋ ಅಕ್ಷರ! ನನ್ನ ಮೂವತ್ತು ವರ್ಷದ ಬೆರಳುಗಳಿಗೆ ಗೊತ್ತೇ ಇಲ್ಲದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಸುದರ್ಶನ್ ಕೂರಿಸಿ ಹೋಗಿದ್ದ. ಫೋನ್ ಮಾಡಿದರೆ ಸ್ವಿಚ್ ಆಫ್. ಪಾಠ ಮಾಡುತ್ತಿದ್ದನಂತೆ!

ನನ್ನ ಕೈ ನೋಡಿ ಬಲ್ಲ ಶಶಿಧರ್ ನನ್ನ ಕೀಲಿಮಣೆಯನ್ನೇ ಹಾಕಿದ್ದ. ಫ್ರೀಬಿಎಸ್‌ಡಿಗೆ ಹೋಗಿ ಪಾಸ್‌ವರ್ಡ್ ಕೇಳಿದಲ್ಲಿ ಹೊನ್ನಯ್ಯ ಎಂದು ಒತ್ತಿದೆ. ತಪ್ಪು ಅಂದಿತು. ಒಂದು ಎನ್, ಎರಡು ಎನ್, ಒಂದು ವೈ, ಎರಡು ವೈ, ಊಹೂಂ. ಶಶಿಧರ್ ಫೋನ್ ಎತ್ತಲಿಲ್ಲ. ಗಡಿಯಾರ ನಾಲ್ಕು ಮುಕ್ಕಾಲು ತೋರಿಸುತ್ತಿತ್ತು. ಎದುರಿನ ಕವಿತಳ ಟೈಪಿಂಗ್ ಅಂಗಡಿಗೆ ಕಳಿಸೋಣವೆಂದರೆ ಅಲ್ಲಿ ಆಗಲೇ ಹತ್ತು ಜನ ನಿಂತಿದ್ದರು. ಈ ಮನುಷ್ಯನ ಗದ್ದೆ ನನ್ನ ದೆಸೆಯಿಂದ ಒನ್ನಯ್ಯನಿಗೇ ಹೋಯಿತಲ್ಲಪ್ಪ ಎಂದು ಅಳುವೇ ಬಂತು.

"ಯಾಕವ್ವ, ನನ್ನೆಸ್ರು ಒತ್ತಿದ್ರೆ ತಗೀತದೆ ಅಂದಿದ್ರಲ್ಲ?"

"ಅದನ್ನೇ ಒತ್ತುತಾ ಇದೀನಿ ಮಾರಾಯ! ಹೊನ್ನಯ್ಯ, ಹೊನ್ನಯ್ಯ!"

"ಅಂಗಲ್ಲ ಕಣವ್ವ. ಒನ್ನಯ್ಯ ಅಂತ ಒತ್ತಿ."

ಶಶಿಧರನೂ ಅಜ್ಜನ ಬಾಯಿಂದ ಬಂದದ್ದನ್ನೇ ಒತ್ತಿರಬೇಕು! ಎಚ್ ಬಿಟ್ಟು ಒತ್ತಿದೆ. ಬಾಗಿಲು ತೆರೆಯಿತು.

ಮುಂದೆ ನಾನು ಹೊಡೆದ ವೇಗಕ್ಕೆ ಕೀಲಿಮಣೆ ಮುರಿಯದಿದ್ದದ್ದು ಪುಣ್ಯ. ಅರ್ಜಿ ಹಿಡಿದು ಇಬ್ಬರೂ ರಸ್ತೆ ದಾಟಿ ನೋಂದಣಿ ಕಚೇರಿಗೆ ಓಡಿದೆವು. ಐದಕ್ಕೆ ಎರಡು ನಿಮಿಷವಿದ್ದಾಗ ಮೊಹರು ಬಿತ್ತು. ಆಗ ತಡೆಯಲಾಗದೆ ಹೇಳಿಯೇಬಿಟ್ಟೆ.

"ಆ ಪತ್ರ ಟೈಪ್ ಮಾಡಿದವಳು ನಾನೇ ಹೊನ್ನಯ್ಯ."

"ಗೊತ್ತು ಕಣವ್ವ, ಮೊಮ್ಮಗಳು ಓದುದ್ಲು. ನಾನ್ ಯೋಳ್ದಂಗೇ ಅಲ್ವಾ ನೀವು ಒಡೆದಿದ್ದು? ಅದುಕ್ಕೇ ತಿರ್ಗಾ ನಿಮ್ತಾವ್ಲೇ ಬಂದೆ."

ಸಂಜೆ ಸುದರ್ಶನ್ ಫೋನ್ ಮಾಡಿದ. ಕೀಲಿಮಣೆ ಬದಲಾಯಿಸುವುದು ಎರಡು ನಿಮಿಷದ ಕೆಲಸವಂತೆ. ಆ ಎರಡು ನಿಮಿಷ ನೀನೆಲ್ಲಿ ಸತ್ತಿದ್ದೆ ಅಂದೆ. ಶಶಿಧರನದ್ದೇ ಉಳಿಯಿತು, ಪಾಸ್‌ವರ್ಡೂ ಅದೇ. ಈಗ ಅರ್ಜಿಗೆ ಬಂದವರು ಬಾಯಿ ತೆರೆಯುವ ಮೊದಲೇ ನಾನು ಕೈಚಾಚುತ್ತೇನೆ: "ಹೆಸರು ಹೇಳಬೇಡಿ, ಆಧಾರ್ ಕೊಡಿ."