ಡ್ರೋನಿನ ಹಣೆಗೆ ವಿಭೂತಿ

ಪೂಜೆಗೆ ಕುಳಿತರೆ ನೀಲಗಂಗವ್ವನನ್ನು ಹಿಡಿಯುವವರಿಲ್ಲ. ಖಂಡೇನವಮಿಯ ಆಯುಧಪೂಜೆಗೆ ಸಾಂಗ್ಲಿಯಲ್ಲಿನ ತನ್ನ ಅರಿಷಿಣದ ಅಂಗಡಿಯ ತಕ್ಕಡಿ, ಸ್ಕೂಟರು, ಮನೆಯ ಫ್ರಿಜ್ಜು, ಯಾವುದಕ್ಕೂ ವಿಭೂತಿ ಹಚ್ಚದೆ ಬಿಟ್ಟವಳಲ್ಲ. ಈ ವರ್ಷ ಸೊಸೆ ಸ್ನೇಹಲಳ ಡ್ರೋನೂ ಮಣೆಯೇರಿತ್ತು. ಹೊಲಗಳಿಗೆ ಔಷಧಿ ಹೊಡೆಯುವ ಯಂತ್ರ ಅದು. ಅದಕ್ಕೆ ಹಣೆ ಎಲ್ಲಿ? ಮುಂದೆ ದುಂಡಗೆ ಹೊಳೆಯುವುದೊಂದು ಕಂಡಿತು, ಒದ್ದೆ ವಿಭೂತಿಯನ್ನು ಅಲ್ಲೇ ಬಳಿದಳು. ಅದು ಕ್ಯಾಮರಾ ಅಂತ ಕೇಳಿ ತಿಳಿಯುವ ವ್ಯವಧಾನ ಅವಳಿಗೆಲ್ಲಿತ್ತು?

ಮರುದಿನ ಮುಂಜಾನೆ ಅತ್ತೆ ಸೊಸೆ ಇಬ್ಬರೂ ಊರಾಚೆಯ ಕಬ್ಬಿನ ಹೊಲಕ್ಕೆ ಹೋದರು. ಪಕ್ಕದ ಗೋಡೆಯಾಚೆ ವಿಮಾನ ಹಾರಿಸಲು ಕಲಿಸುವ ಶಾಲೆಯ ರನ್‌ವೇ. ಡ್ರೋನು ಗೋಡೆ ದಾಟಬಾರದೆಂದು ಕಟ್ಟಪ್ಪಣೆಯಿತ್ತು. ಡ್ರೋನು ಮೇಲೇರಿದರೆ ಸ್ನೇಹಲಳ ಕೈಯಲ್ಲಿನ ಪರದೆಯಲ್ಲಿ ಎಲ್ಲ ಬೆಳ್ಳಗೆ.

"ಮ್ಯಾಲೆ ಮಂಜು ಬಿದ್ದದ ನೋಡ್ರಿ ಅತ್ತಿ," ಎಂದವಳು ಇಳಿಸುವ ಬದಲು ಹಾರಿಸುತ್ತಲೇ ಇದ್ದಳು.

ಡ್ರೋನು ಗೋಡೆ ದಾಟಿಬಿಟ್ಟಿತು. ಇಳಿಯುತ್ತಿದ್ದ ಪುಟ್ಟ ವಿಮಾನ ಅದನ್ನು ತಪ್ಪಿಸಲು ಹೊರಳಿ, ರೆಕ್ಕೆ ನೆಲಕ್ಕೆ ಬಡಿದು ಕುಸಿಯಿತು. ಹಾರಿಸುತ್ತಿದ್ದ ಕೇತಕಿ ಎಂಬ ಹುಡುಗಿಯ ಬಲಗೈ ನುಜ್ಜುಗುಜ್ಜಾಯಿತು.

ಡ್ರೋನು ವಾಪಸು ಇಳಿಸಿಕೊಂಡ ಸ್ನೇಹಲ ಕ್ಯಾಮರಾ ಮೇಲಿನ ವಿಭೂತಿ ನೋಡಿದಳು, ಅತ್ತೆಯ ಮುಖ ನೋಡಿದಳು, ಓಢಣಿಯಿಂದ ಒರೆಸಿಬಿಟ್ಟಳು. ತಾನು ಬಳಿದದ್ದು ಎಲ್ಲಿಗೆಂದು ಮುದುಕಿಗೆ ಆಗ ಗೊತ್ತಾಯಿತು.

ತನಿಖೆಯವರ ಮುಂದೆ, "ನಂದ ತಪ್ಪರಿ, ಲಕ್ಷ್ಯ ಇರಲಿಲ್ಲ," ಅಂದಳು. ಪಕ್ಕದಲ್ಲೇ ಕುಳಿತ ನೀಲಗಂಗವ್ವನ ಬಾಯಿಗೆ ಅದೇನು ಬಡಿದಿತ್ತೋ! ತನಿಖೆಯವರ ಜೊತೆ ಪೊಲೀಸರೂ ಇದ್ದರು, ಪೊಲೀಸರೆಂದರೆ ಅವಳಿಗೆ ಮೊದಲಿನಿಂದಲೂ ಹೆದರಿಕೆ. ಮೂರೇ ವಾರಕ್ಕೆ ಸೊಸೆಯ ಲೈಸೆನ್ಸು ರದ್ದಾಯಿತು. ಆದರೂ ಸೊಸೆ ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಡೆಯಲಾರದೆ ಮುದುಕಿ ಕೇತಕಿ ಇದ್ದ ಮಿರಜದ ಆಸ್ಪತ್ರೆಗೆ ಹೋದಳು. ಹಣೆಗೆ ವಿಭೂತಿ ಧರಿಸಿದ ಯಾರೋ ಹಿರಿಯರು ಬಂದರೆಂದು ಕೇತಕಿಯ ತಾಯಿ ಶುಭಾಂಗಿ ಕಾಲು ಮುಟ್ಟಿ ನಮಸ್ಕರಿಸಿದಳು.

"ಇಕಿ ಹಣಿಗೂ ಒಂದೀಟು ವಿಭೂತಿ ಹಚ್ಚರಿ ಆಜಿ, ಲಗೂ ಆರಾಮಾಗಲಿ."

ಚೀಲದಿಂದ ವಿಭೂತಿ ಗಟ್ಟಿ ತೆಗೆದ ಕೈ ಅರ್ಧದಲ್ಲೇ ನಿಂತಿತು.

"ಈ ಕೈಲೆ ಬ್ಯಾಡವ್ವಾ," ನೀಲಗಂಗವ್ವ ಅತ್ತೇಬಿಟ್ಟಳು. "ಡ್ರೋನಿನ ಕಣ್ಣಿಗೆ ವಿಭೂತಿ ಬಳದಾಕಿ ನಾನ. ಅದಕ್ಕ ಅದು ಕುರುಡಾತು. ನನ್ನ ಉಳಸಾಕ ಸೊಸಿ ಸುಳ್ಳು ಹೇಳ್ಯಾಳ."

ಶುಭಾಂಗಿ ಹಿಂದೆ ಸರಿದಳು. ಕೇತಕಿ ಮಾತ್ರ ಮುದುಕಿಯನ್ನೇ ದಿಟ್ಟಿಸಿ ನೋಡಿದಳು.

"ಇಷ್ಟ ದಿನ ಯಾಕ ಹೇಳಲಿಲ್ಲ ಆಜಿ? ನಾ ದಿನಾ ನಿಮ್ಮ ಸೊಸಿಗೆ ಶಾಪಾ ಹಾಕೇನಿ."

ನೀಲಗಂಗವ್ವ ಗಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ತನಿಖೆಯವರ ಕಚೇರಿ ಎಲ್ಲಿದೆ ಎಂದು ಕೇಳಿದಳು.