ಮೊಟ್ಟೆ ಎರಡಾಗುವ ಹೊತ್ತು

ಕಲ್ಲು ಪ್ರಯೋಗಾಲಯದ ಕಿಟಕಿಯ ಗಾಜು ಒಡೆದುಕೊಂಡು ಬಂದು ಇಸ್ಮೇನಿಯಾಳ ಹಣೆಗೆ ಬಡಿಯಿತು. ಅವಳು ಮೊದಲು ಎರಡೂ ಕೈಗಳಿಂದ ಸೂಕ್ಷ್ಮದರ್ಶಕದ ಕೆಳಗಿನ ಗಾಜಿನ ತಟ್ಟೆಯನ್ನು ಮರೆಮಾಡಿದಳು. ರಕ್ತ ಒರೆಸಿಕೊಂಡದ್ದು ಆಮೇಲೆ.

ತಟ್ಟೆಯಲ್ಲಿದ್ದದ್ದು ಎರಿಸೊ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳು. ಬಂದರು ನಗರ ವಾಲ್ಪರೈಸೊದ ಮಂದಿ ಎರಿಸೊ ಒಡೆದು ನಿಂಬೆಹುಳಿ ಹಿಂಡಿ ಚಪ್ಪರಿಸಿದರೆ, ಇವಳು ಮೂರು ವರ್ಷದಿಂದ ಅದರ ಮೊಟ್ಟೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಮೊಟ್ಟೆ ಒಂದು ಎರಡಾಗಬೇಕಾದರೆ ಒಳಗಿನ ಒಂದು ಪ್ರೋಟೀನು ಅಪ್ಪಣೆ ಕೊಡಬೇಕು. ಅದಕ್ಕೆ ಎರಡು ರೂಪ: ಉದ್ದನೆಯದು, ಗಿಡ್ಡನೆಯದು. ಗಿಡ್ಡದು ಕೆಲಸಕ್ಕೆ ಬಾರದ್ದೆಂದು ದೊಡ್ಡವರೆಲ್ಲ ಬರೆದು ಕೈತೊಳೆದುಕೊಂಡಿದ್ದರು. ಇವಳು ಉದ್ದನೆಯದನ್ನು ತಡೆದು, ಗಿಡ್ಡದನ್ನು ಮಾತ್ರ ಉಳಿಸಿದ್ದಳು. ಇಂದು ಮೊಟ್ಟೆ ಎರಡಾದರೆ ಗೆದ್ದಂತೆ. ಇಲ್ಲದಿದ್ದರೆ ಮತ್ತೊಮ್ಮೆ ಮಾಡಿ ನೋಡಲು ಎರಿಸೊ ಮೊಟ್ಟೆಯಿಡುವ ಕಾಲವೇ ಉಳಿದಿರಲಿಲ್ಲ. ಮುಂದಿನ ವರ್ಷಕ್ಕೆ ಅವಳ ಕೆಲಸವೂ ಇರುತ್ತಿರಲಿಲ್ಲ.

ಕೆಳಗೆ ರಸ್ತೆಯಲ್ಲಿ ಟೈರುಗಳು ಉರಿಯುತ್ತಿದ್ದವು. ಪೊಲೀಸರ ಅಶ್ರುವಾಯುವಿನಿಂದ ತಪ್ಪಿಸಿಕೊಂಡ ಗುಂಪೊಂದು ಕಟ್ಟಡಕ್ಕೆ ನುಗ್ಗಿ, ಸಿಕ್ಕಿದ್ದನ್ನೆಲ್ಲ ಪುಡಿಮಾಡುತ್ತ ಮೆಟ್ಟಿಲೇರುತ್ತಿತ್ತು. ಸರ್ಕಾರದ ಮೇಲಿನ ಅವರ ಸಿಟ್ಟು ನ್ಯಾಯದ್ದೇ ಇರಬಹುದು, ಆದರೆ ಹಾಳಾದವರಿಗೆ ಈ ಮೊಟ್ಟೆಗಳೇನು ಅನ್ಯಾಯ ಮಾಡಿದ್ದವು?

ಬಾಗಿಲು ಧಡಾರನೆ ತೆರೆಯಿತು. ಮುಖಕ್ಕೆ ಬಟ್ಟೆ ಸುತ್ತಿದ್ದವನೊಬ್ಬ ಕಬ್ಬಿಣದ ಸರಳು ಹಿಡಿದು ಒಳನುಗ್ಗಿದ. ಇಸ್ಮೇನಿಯಾ ಸ್ಟೂಲೆತ್ತಿ ಬೀಸಿದಳು. ಸರಳು ಹಿಡಿದ ಕೈಯ ಎಲುಬು ಲಟಕ್ಕೆಂದಿತು. ಸರಳು ನೆಲಕ್ಕೆ ಬಿತ್ತು, ಅವನು ಗೋಡೆಗೊರಗಿ ಕುಸಿದ. ಅವಳು ಸ್ಟೂಲನ್ನು ಮತ್ತೆ ಎತ್ತಿದಳು.

"ಅಯ್ಯೋ, ಹೊಡೀಬೇಡಿ ಪ್ರೊಫೆ! ನಾನು, ಎಲಿಸೆಯೊ!"

ಬಟ್ಟೆ ಜಾರಿತು. ಪ್ರೊಫೆಸರಳನ್ನು ಸಲಿಗೆಯಿಂದ ಪ್ರೊಫೆ ಎನ್ನುವ ಅವಳದೇ ವಿದ್ಯಾರ್ಥಿ. ಉದ್ದನೆಯದನ್ನು ತಡೆಯಲು ತಟ್ಟೆಯ ಒಂದೊಂದು ಮೊಟ್ಟೆಗೂ ಕೂದಲಿಗಿಂತ ಸಪೂರವಾದ ಸೂಜಿ ಚುಚ್ಚಿದ್ದು ಅವನ ಇದೇ ಬಲಗೈ. ಆ ಕೆಲಸ ಅವಳಿಗೂ ಬರುತ್ತಿರಲಿಲ್ಲ.

"ದರಿದ್ರದವನೇ, ಸರಳು ಯಾಕೋ ತಂದೆ?"

"ಬಾಗಿಲಿಗೆ ಅಡ್ಡ ಹಾಕೋಕೆ. ಅವ್ರು ಇಲ್ಲಿಗೇ ಬರ್ತಿದಾರೆ. ಮೊದ್ಲು ಹಾಕಿ, ಆಮೇಲೆ ಬೈಯೋರಂತೆ."

ಅವಳು ಬಾಗಿಲ ಹಿಡಿಕೆಗಳ ನಡುವೆ ಸರಳನ್ನು ತೂರಿಸಿದ್ದೇ ತಡ, ಹೊರಗಿನಿಂದ ಒದೆತಗಳು ಬಿದ್ದವು. ಯಾರೋ ಅವಳ ತಾಯಿಯನ್ನು ಹಿಡಿದು ಬೈದ. ಬಾಗಿಲು ಬಿರುಕು ಬಿಟ್ಟಿತು, ಆದರೆ ಸರಳು ತಡೆದುಕೊಂಡಿತು. ಕೊನೆಗೆ ಗದ್ದಲ ಮೇಲಿನ ಮಹಡಿಗೆ ಹೋಯಿತು.

ಎಲಿಸೆಯೊ ಎದ್ದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಬಲಗೈ ತಿರುಪಿನತ್ತ ಹೋಗಲಾರದೆ ಜೋತುಬಿತ್ತು. ಇಸ್ಮೇನಿಯಾಳೇ ತಿರುಗಿಸಿದಳು.

"ಸ್ವಲ್ಪ ಹಿಂದಕ್ಕೆ... ಇನ್ನೊಂಚೂರು... ಸಾಕು. ಎರಡಾಗಿದೆ ಪ್ರೊಫೆ! ನೋಡಿ, ಎಲ್ಲಾನೂ ಎರಡಾಗಿದೆ!"

ಅವಳು ತಟ್ಟೆಯ ಕಡೆ ನೋಡಲಿಲ್ಲ. ಅವನ ಬಲಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು.

"ಇದನ್ನ ಅಲ್ಲಾಡ್ಸು. ಇದನ್ನ? ಇದನ್ನಾದ್ರೂ?"