ದೊರೆಯ ಗಾಡಿಗೆ ಕೊಂಬಿನ ಬಣ್ಣ

"ಯಾವ ಬಣ್ಣನಾದ್ರೂ ಬಳ್ಕೊಳ್ಳಿ. ಈ ಗಾಡಿ ಮುಂದೆ ನಮ್ಮಪ್ಪ ಛತ್ರಿ ಬಿಚ್ಕೊಂಡು ನಿಂತ ದಿನ ನಾನು ಇದನ್ನ ಹತ್ತೋದು. ಅಲ್ಲೀಗಂಟ ಇಲ್ಲ" ಎಂದು ಜಗದಾಂಬ ಮೊರ ಎತ್ತಿಕೊಂಡು ಒಳಗೆ ಹೋದಳು.

ಅವಳ ಗಂಡ ಪರಮಶಿವಯ್ಯ ಬೋರಲು ಹಾಕಿದ ಕಾಫಿ ಬುಟ್ಟಿಯ ಮೇಲೆ ಮೋಟಾರ್ ಸೈಕಲ್ಲಿನ ಟ್ಯಾಂಕು ಕೂರಿಸಿಕೊಂಡು ಮರಳುಕಾಗದದಿಂದ ಹಳೆಯ ಹಸಿರು ಬಣ್ಣವನ್ನು ಉಜ್ಜುತ್ತಲೇ ಇದ್ದ.

ಬೆಳಗೋಡಿನಾಚೆಯ ಆ ಎಸ್ಟೇಟಿನಲ್ಲಿ ಅವನು ಹದಿನೆಂಟು ವರ್ಷದಿಂದ ಲೆಕ್ಕ ಬರೆಯುವ ರೈಟರ್. ಬಿಳಿ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಗಾಡಿಯನ್ನು ರೈಟರಿಗೆ ಬಿಟ್ಟುಹೋಗಿದ್ದ. ಗಾಡಿಯ ಜೊತೆಗೆ ಅದರ ಸದ್ದೂ ಬಂದಿತ್ತು. ಸುತ್ತಲಿನ ಜನಕ್ಕೆಲ್ಲ ಆ ಸದ್ದು ಗೊತ್ತು. ಕೇಳಿಸಿದ ಕೂಡಲೇ ರಸ್ತೆ ಬಿಟ್ಟು ಚರಂಡಿಗಿಳಿಯಬೇಕು, ಮಳೆಯಿರಲಿ ಬಿಸಿಲಿರಲಿ ಛತ್ರಿ ಮಡಚಬೇಕು, ದೊರೆ ದಾಟಿಹೋಗುವ ತನಕ ತಲೆ ತಗ್ಗಿಸಿ ನಿಲ್ಲಬೇಕು. ಜಗದಾಂಬಳ ಅಪ್ಪ ಮರಿದೇವಯ್ಯ ಎಸ್ಟೇಟಿನ ಕಾಫಿ ಮೂಟೆಗಳನ್ನು ನಲವತ್ತು ವರ್ಷ ಎತ್ತಿನ ಗಾಡಿಯಲ್ಲಿ ಬಾಳ್ಳುಪೇಟೆಗೆ ಸಾಗಿಸಿದವನು. ಅವನ ಛತ್ರಿ ಎಷ್ಟು ಸಲ ಮಡಚಿಕೊಂಡಿತ್ತೋ ಶಿವನಿಗೇ ಗೊತ್ತು.

ಹೋದ ಸೋಮವಾರ ಎಂದಿನಂತೆ ಮಗಳ ಮನೆಗೆ ನಡೆದು ಬರುತ್ತಿದ್ದ ಮುದುಕ ಗಾಡಿಯ ಸದ್ದಿಗೆ ಹಾಗೆಯೇ ಚರಂಡಿಗಿಳಿದು ನಿಂತಿದ್ದ. ಪರಮಶಿವಯ್ಯ ನೋಡಿದ. ನಿಲ್ಲಿಸಬೇಕಿತ್ತು. ಆದರೆ ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅವನ ಎದೆ ಒಂದು ಗೇಣು ಉಬ್ಬಿತ್ತು. ಉಬ್ಬಿದ್ದು ಇಳಿಯುವಷ್ಟರಲ್ಲಿ ಗಾಡಿ ಒಂದು ಫರ್ಲಾಂಗು ದಾಟಿತ್ತು.

ಮನೆಗೆ ಬಂದ ಮುದುಕ ಜಗಲಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ, "ದೊರೆ ಊರಿಗೆ ಹೋದ್ರು ಅಂದ್ರಲ್ಲ ಅಳಿಯಂದ್ರೇ, ವಾಪಸ್ ಬಂದ್ಬುಟ್ಟವ್ರೆ! ಈಗ ದಾರೀಲಿ ಹೋದ್ರು" ಅಂದ. ಜಗದಾಂಬ ಗಂಡನ ಮುಖ ನೋಡಿದಳು. ಗಂಡ ಮಜ್ಜಿಗೆ ಲೋಟದೊಳಗೆ ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

ಬಾಳ್ಳುಪೇಟೆಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಅಸಾದುಲ್ಲಾ ಮಧ್ಯಾಹ್ನ ಡಬ್ಬಿ, ಬ್ರಷ್ಷು ಹಿಡಿದು ಬಂದ. "ಕಡು ನೀಲಿ ಹೊಡ್ದು ಬಂಗಾರದ ಗೆರೆ ಎಳೀತೀನಿ ರೈಟರೇ. ದೊರೆ ಬಂದ್ರೆ ಅವ್ನಿಗೂ ಗುರ್ತು ಸಿಕ್ಕಾಕಿಲ್ಲ" ಅಂದ. ಧೂಳೇಳದಂತೆ ಅಂಗಳಕ್ಕೆ ನೀರು ಚಿಮುಕಿಸಿ, ಕೋಳಿಗಳನ್ನೆಲ್ಲ ಬುಟ್ಟಿಯಡಿ ಮುಚ್ಚಿ, ಇಬ್ಬರೂ ಉಸಿರು ಬಿಗಿಹಿಡಿದು ಕೆಲಸ ಮಾಡಿದರು. ನಾಲ್ಕು ದಿನ ಸ್ಟೋರಿನೊಳಗೆ ಒಣಗಿ ಹೊರಬಂದ ಗಾಡಿಯಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು.

ಸೋಮವಾರ ಪರಮಶಿವಯ್ಯ ಮಾವನಿಗೆ ಎದುರಾಗಿ ಹೊರಟ. ಈ ಸಲ ನಿಲ್ಲಿಸಿದ. "ಮಾವ, ತಲೆ ಎತ್ತಿ, ನಾನು!"

ಚರಂಡಿಯಲ್ಲಿದ್ದ ಮುದುಕ ತಲೆ ಎತ್ತಿದ. ಛತ್ರಿ ಮಾತ್ರ ಕಂಕುಳಲ್ಲೇ ಉಳಿಯಿತು. "ಅಯ್ಯೋ, ನೀವಾ! ಗಾಡಿ ಹಳೇದಕ್ಕಿಂತ ಜೋರಾಗೈತೆ ಕಣ್ರೀ. ಇನ್ನೂ ದೊಡ್ಡ ದೊರೆ ಯಾರೋ ಬಂದ್ರು ಅಂದ್ಕೊಂಡೆ."

"ಹಿಂದೆ ಕೂತ್ಕಳಿ, ಹೋಗಾನ."

"ದೊರೆ ಗಾಡಿ ಮ್ಯಾಲೆ ನಾನಾ? ತಮಾಸೆ ಮಾಡ್ಬ್ಯಾಡಿ." ಮುದುಕ ನಡೆದೇ ಬಂದ. ಅಳಿಯ ಗಾಡಿ ತಳ್ಳಿಕೊಂಡು ಜೊತೆಗೆ ನಡೆದ.

ಆ ಭಾನುವಾರ ಜಗದಾಂಬ ಅಟ್ಟದಿಂದ ಎರಡು ಡಬ್ಬಿ ಇಳಿಸಿದಳು. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿದು ಉಳಿದಿದ್ದ ಕೆಂಪು, ಹಳದಿ. "ಇದಕ್ಕೂ ಎರಡು ಕೊಂಬು ಅದಾವಲ್ಲ, ಬಳೀರಿ" ಎಂದು ಹ್ಯಾಂಡಲ್ ತೋರಿಸಿದಳು.

ಪರಮಶಿವಯ್ಯ ಟ್ಯಾಂಕಿಗೆ ಅಂಗೈ ಅಡ್ಡ ಹಿಡಿದ. "ಬಂಗಾರದ ಗೆರೆ ಕಣೇ! ಜನ ನಗಾಕಿಲ್ವಾ?"

"ನಗ್ಲಿ ಅಂತಾನೇ ಹೇಳ್ತಿರೋದು."

ಬಾಕಿ ಡಬ್ಬಿ ಒಯ್ಯಲು ಬಂದಿದ್ದ ಅಸಾದುಲ್ಲಾ ಹಣೆ ಹಣೆ ಚಚ್ಚಿಕೊಂಡ. "ಬಳ್ಕೊಳ್ಳಿ ಮಾರಾಯ್ರೇ, ಆದ್ರೆ ಬಾಳ್ಳುಪೇಟೇಲಿ ನನ್ನ ಹೆಸರು ಮಾತ್ರ ಎತ್ಬ್ಯಾಡಿ!"

ಮೊದಲ ಗೆರೆಯನ್ನು ಪರಮಶಿವಯ್ಯ ಅರ್ಧ ಕಣ್ಣು ಮುಚ್ಚಿಕೊಂಡು ಎಳೆದ. ಎರಡನೆಯದಕ್ಕೆ ಕಣ್ಣು ಬಿಟ್ಟ. ಮೂರನೆಯದಕ್ಕೆ ಅವನಿಗೇ ಹುರುಪು ಬಂತು. ಕೊಂಬುಗಳಿಗೆ ಕೆಂಪು ಬಳಿದ, ತುದಿಗೆ ಹಳದಿ ಬಳೆ ಹಾಕಿದ, ದೀಪದ ನೆತ್ತಿಗೆ ಕಾಸಗಲ ಬೊಟ್ಟಿಟ್ಟ. ನಗಬಾರದೆಂದುಕೊಂಡಿದ್ದ ಅಸಾದುಲ್ಲಾ ತಡೆಯಲಾರದೆ ಬ್ರಷ್ ಕಿತ್ತುಕೊಂಡು, "ಬಳೆ ಹಿಂಗಲ್ಲ ಹಾಕೋದು, ಬುಡಿ ಇತ್ಲಾಗೆ" ಎಂದು ಉಳಿದದ್ದನ್ನು ತಾನೇ ತಿದ್ದಿದ. ಕೊನೆಗೆ ಜಗದಾಂಬ ಎತ್ತಿನ ಕೊರಳ ಹಳೆಯ ಗೆಜ್ಜೆಸರವೊಂದನ್ನು ತಂದು ದೀಪದ ಕೆಳಗೆ ಕಟ್ಟಿದಳು.

ಮಾರನೆಯ ದಿನ ಕೂಲಿಯವರ ಲೈನುಮನೆಗಳ ಮುಂದೆ ಹೋಗುವಾಗ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಯಾರೂ ಚರಂಡಿಗಿಳಿಯಲಿಲ್ಲ. ಎದೆ ಉಬ್ಬಲಿಲ್ಲ, ನಿಜ. ಆದರೆ ಪರಮಶಿವಯ್ಯನಿಗೂ ನಗು ಬಂತು.

ತಿರುವಿನಾಚೆ ಮರಿದೇವಯ್ಯ ಸದ್ದಿಗೇ ಇಳಿದಿದ್ದ, ಛತ್ರಿ ಮಡಚಿದ್ದ. ಗಾಡಿ ನಿಂತಿತು. ಗೆಜ್ಜೆ ಘಲ್ಲೆಂದಿತು. ಮುದುಕ ಓರೆಗಣ್ಣಲ್ಲಿ ನೋಡಿದ, ಆಮೇಲೆ ಎರಡೂ ಕಣ್ಣು ಅಗಲಿಸಿ ನೋಡಿದ.

"ಶಿವನೇ! ಇದು ನಮ್ಮ ಕೆಂದ ಕಣ್ರೀ! ಅದೇ ಕೊಂಬು, ಅದೇ ಗೆಜ್ಜೆ!" ಸತ್ತು ಆರು ವರ್ಷವಾಗಿದ್ದ ತನ್ನ ಎತ್ತಿನ ಹೆಸರು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ರಸ್ತೆಗೆ ಹತ್ತಿ ಬಂದು ಎರಡು ಕೊಂಬುಗಳ ನಡುವೆ ಕೈಯಾಡಿಸಿದ. ಯಾರೂ ಹೇಳದೆ ಪಂಚೆ ಎತ್ತಿ ಕಟ್ಟಿ ಹಿಂದೆ ಕೂತ.

ಸ್ವಲ್ಪ ದೂರ ಹೋಗಿರಬೇಕು, ಗಾಡಿಯನ್ನು ಹಿಂದಿನಿಂದ ಯಾರೋ ಜಗ್ಗಿದಂತಾಯಿತು.

"ಮಾವ, ಛತ್ರಿ ಬಿಚ್ಚಿದ್ರಾ? ಮಡ್ಚಿ, ಮಡ್ಚಿ! ಗಾಡಿ ಎಳೀತೈತೆ!"

"ಮಡಚಾಕಿಲ್ಲ ಕಣ್ರೀ!" ಕಿವಿಯ ಹತ್ತಿರ ಮುದುಕ ಕೂಗಿದ. "ಬಿಸ್ಲು!"

ಮನೆಯ ಮುಂದಿನ ಏರಿನಲ್ಲಿ ಗಾಳಿ ಬೀಸಿ ಛತ್ರಿ ಫಟ್ಟನೆ ತಿರುಗಿ ಆಕಾಶಕ್ಕೆ ಬಾಯಿ ತೆರೆಯಿತು. ಮುದುಕ ಅದನ್ನು ಹಾಗೆಯೇ ನೆಟ್ಟಗೆ ಹಿಡಿದುಕೊಂಡಿದ್ದ. ಅಂಗಳದಲ್ಲಿದ್ದ ಜಗದಾಂಬ ಸೆರಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಗಾಡಿಯತ್ತ ನಡೆದಳು.